ನಮ್ಮ ಭಕ್ತರ ಮೊಬೈಲ್‌ಗೂ ಒಂದು ಕಾವಲು: ದೇವಸ್ಥಾನ, ಮಸೀದಿ, ಚರ್ಚ್, ಬಸದಿಗಳಿಗೆ ಆನ್‌ಲೈನ್ ಸುರಕ್ಷತೆಯ ಸಮಗ್ರ ಮಾರ್ಗದರ್ಶಿ

ಒಂದು ದಿನ ಬೆಳಿಗ್ಗೆ ನಮ್ಮ ಭಜನಾ ಮಂಡಳಿಯ ವಾಟ್ಸಾಪ್ ಗ್ರೂಪಿಗೆ ಮದುವೆಯ ಆಹ್ವಾನ ಪತ್ರಿಕೆ ಬಂತು. ಕಳಿಸಿದ್ದು ಮಂಡಳಿಯ ಹಿರಿಯರೊಬ್ಬರ ನಂಬರ್. ಅವರದೇ ಹೆಸರು, ಅವರದೇ ಫೋಟೋ. ಫೈಲಿನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಅಂತ ಇದ್ದದ್ದನ್ನು ಯಾರೂ ಗಮನಿಸಲಿಲ್ಲ. ಎಪಿಕೆ ಅಂದರೆ ಫೋಟೋ ಅಲ್ಲ, ಪಿಡಿಎಫ್ ಅಲ್ಲ. ಅದು ಫೋನಿನೊಳಗೆ ಇಳಿದು ಕೂರುವ ಒಂದು ಆ್ಯಪ್. ಹಿರಿಯರ ಫೋನು ಹಿಂದಿನ ದಿನವೇ ಕಳ್ಳರ ಕೈ ಸೇರಿತ್ತು. ಗ್ರೂಪಿನಲ್ಲಿ ಮೂವರು ಆ ಫೈಲನ್ನು ಒತ್ತಿದರು. ಅವರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಹಣ ಕಳೆದುಕೊಂಡರು. ನಮಗೆ ಗೊತ್ತಾದದ್ದು ಮೂರು ವಾರ ಆದಮೇಲೆ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಾಲ್ಕು ಜನಕ್ಕೆ ಬುದ್ಧಿ ಹೇಳಿದವನು ನಾನು. ಹೇಗಪ್ಪಾ ಹೇಳೋದು?" ಅಂದರು.

ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಭಕ್ತರ ನಡುವೆ ಮೋಸ ಬೇಗ ಹರಡುವುದಕ್ಕೆ ಕಾರಣ ಒಬ್ಬರ ಮೇಲೊಬ್ಬರಿಗೆ ಇರುವ ನಂಬಿಕೆ. ಮೋಸ ಹೋದವರು ಬಾಯಿ ಬಿಡದಿರುವುದಕ್ಕೆ ಕಾರಣ ಅದೇ ಜನರ ಮುಂದೆ ಆಗುವ ನಾಚಿಕೆ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ದೇವಸ್ಥಾನದ ಸಮಿತಿಯವರು, ಜಮಾತಿನವರು, ಚರ್ಚಿನ ಪಾಲನಾ ಮಂಡಳಿಯವರು, ಬಸದಿಯ ಟ್ರಸ್ಟಿನವರು, ಯಾರು ಬೇಕಾದರೂ ಇದನ್ನು ತಮ್ಮ ಜಾಗಕ್ಕೆ ಹೊಂದಿಸಿಕೊಳ್ಳಬಹುದು. ಇದಕ್ಕೆ ದೊಡ್ಡ ದುಡ್ಡೇನೂ ಬೇಕಿಲ್ಲ.

ಹಂತ 1: ಮೊದಲು ಸಮಿತಿಯದೇ ವ್ಯವಹಾರ ನೋಡಿ

ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ, ಹಾಗೆ. ಭಕ್ತರಿಗೆ ಪಾಠ ಹೇಳುವ ಮುಂಚೆ ನಮ್ಮ ಹುಂಡಿಯ ಪಕ್ಕದ ಕ್ಯೂಆರ್ ಕೋಡ್ ನೋಡಬೇಕು.

ಆ ಕೋಡ್ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಯದೇ ಆಗಿರಬೇಕು. ಎಷ್ಟೋ ಕಡೆ ಖಜಾಂಚಿಯವರ ಸ್ವಂತ ನಂಬರಿನ ಕೋಡ್ ಅಂಟಿಸಿರುತ್ತಾರೆ. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿರಲಿ, ಇದು ಬೇಡ. ಯಾಕೆಂದರೆ ಸ್ಕ್ಯಾನ್ ಮಾಡಿದಾಗ ಯಾವುದೋ ವ್ಯಕ್ತಿಯ ಹೆಸರು ಬರುವುದು ಭಕ್ತರಿಗೆ ರೂಢಿಯಾಗುತ್ತದೆ. ನಾಳೆ ಕಳ್ಳ ತನ್ನ ಸ್ಟಿಕ್ಕರ್ ತಂದು ಮೇಲೆ ಅಂಟಿಸಿದರೂ ಅವರಿಗೆ ಅನುಮಾನ ಬರುವುದಿಲ್ಲ. ಸಂಸ್ಥೆಯ ಖಾತೆ ಇದ್ದರೆ ಕೋಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ: ‘ಸ್ಕ್ಯಾನ್ ಮಾಡಿದಾಗ ಈ ಹೆಸರೇ ಬರಬೇಕು. ಬೇರೆ ಬಂದರೆ ಹಣ ಹಾಕಬೇಡಿ, ಕೌಂಟರಿಗೆ ತಿಳಿಸಿ.’

ಕೋಡನ್ನು ಗಾಜಿನ ಒಳಗಿಡಿ. ದಿನಾ ಬಾಗಿಲು ತೆಗೆಯುವಾಗ ಒಬ್ಬರು ಪ್ರತಿ ಕೋಡಿಗೂ ಒಂದು ರೂಪಾಯಿ ಹಾಕಿ ನೋಡಲಿ. ಜಾತ್ರೆ, ಉರುಸ್, ಹಬ್ಬದ ದಿನ ಇದನ್ನು ಎರಡು ಮೂರು ಸಲ ಮಾಡಿ. ಹಣ ಬಂದದ್ದನ್ನು ಜೋರಾಗಿ ಹೇಳುವ ಸೌಂಡ್ ಬಾಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಹಣ ಹಾಕಿದವರಿಗೆ ಸದ್ದು ಕೇಳದಿದ್ದರೆ ಅಲ್ಲೇ ವಿಚಾರಿಸುತ್ತಾರೆ.

ಆಮೇಲೆ ಗೂಗಲ್ ಮ್ಯಾಪ್. ನಿಮ್ಮ ದೇವಸ್ಥಾನದ ಹೆಸರು ಹುಡುಕಿ, ಅಲ್ಲಿರುವ ಫೋನ್ ನಂಬರ್ ಯಾರದು ಅಂತ ನೋಡಿ. ಮ್ಯಾಪಿನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಹಾಗಾಗಿ ಆ ಜಾಗದ ಖಾತೆಯನ್ನು ಸಮಿತಿಯೇ ತನ್ನ ಕೈಗೆ ತೆಗೆದುಕೊಳ್ಳಬೇಕು. ರೂಮ್ ಬುಕಿಂಗ್, ಸೇವೆ ಬುಕಿಂಗ್ ಅಂತ ಹುಡುಕಿ ಬರುವ ದೂರದ ಭಕ್ತರು ಮೋಸ ಹೋಗುವುದು ಇಲ್ಲಿಯೇ. ಇದು ಸಣ್ಣ ವಿಷಯವಲ್ಲ. 2022ರಲ್ಲಿ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳನ್ನು ಮಾಡಿ ಭಕ್ತರಿಂದ ಹಣ ಪಡೆದ ಪ್ರಕರಣ ಬೆಳಕಿಗೆ ಬಂದಿತ್ತು.

ಫೇಸ್‌ಬುಕ್ ಪುಟ, ಯೂಟ್ಯೂಬ್ ಚಾನೆಲ್ ಇದ್ದರೆ ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಸಾಮಾನ್ಯವಾಗಿ ಊರಿನ ಒಬ್ಬ ಹುಡುಗ ಉತ್ಸಾಹದಿಂದ ಶುರು ಮಾಡಿರುತ್ತಾನೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುತ್ತಾನೆ. ಪುಟ ಅನಾಥ. ಇಬ್ಬರು ಅಡ್ಮಿನ್ ಇರಲಿ, ಇಬ್ಬರೂ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡನ್ನೂ ಕೇಳುವ ಸೆಟ್ಟಿಂಗ್) ಹಾಕಿಕೊಂಡಿರಲಿ. ಸಮಿತಿ ಬದಲಾದಾಗ ಬೀಗದ ಕೈ ಒಪ್ಪಿಸುವ ಹಾಗೆ ಇದನ್ನೂ ಬರವಣಿಗೆಯಲ್ಲಿ ಒಪ್ಪಿಸಲಿ.

ಕೊನೆಗೆ ಒಂದು ಬೋರ್ಡ್. ಚಪ್ಪಲಿ ಬಿಡುವ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆಸಿ: ‘ನಮ್ಮ ಸಮಿತಿ ಫೋನಿನಲ್ಲಿ ದೇಣಿಗೆ ಕೇಳುವುದಿಲ್ಲ. ಒಟಿಪಿ ಕೇಳುವುದಿಲ್ಲ. ಆ್ಯಪ್ ಹಾಕಿಕೊಳ್ಳಿ ಎನ್ನುವುದಿಲ್ಲ. ನಮ್ಮ ನಂಬರ್ ಇದೊಂದೇ.’ ಈ ಮಾತನ್ನು ಸಮಿತಿ ಸ್ವತಃ ಪಾಲಿಸಬೇಕು. ಜೀರ್ಣೋದ್ಧಾರಕ್ಕೆ ಅವಸರವಾಗಿ ಹಣ ಬೇಕಾದಾಗಲೂ ಸಹ.

ಹಂತ 2: ಮೂವರನ್ನು ಆರಿಸಿ

ಹತ್ತು ಜನರ ಉಪಸಮಿತಿ ಮಾಡಿದರೆ ಕೆಲಸ ಆಗುವುದಿಲ್ಲ. ಮೂವರು ಸಾಕು. ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಸಿಕ್ಕರೆ ಒಳ್ಳೆಯದು. ಒಬ್ಬರು ಕಾಲೇಜಿನ ವಯಸ್ಸಿನವರು. ಒಬ್ಬರಾದರೂ ಹೆಣ್ಣುಮಕ್ಕಳು ಇರಲೇಬೇಕು. ಫೋಟೋ ತಿರುಚಿ ಬೆದರಿಸುತ್ತಿದ್ದಾರೆ ಅನ್ನುವಂಥ ಮಾತನ್ನು ಹೆಣ್ಣುಮಗಳೊಬ್ಬಳು ಸಮಿತಿಯ ಗಂಡಸರ ಮುಂದೆ ಹೇಳಿಕೊಳ್ಳುವುದು ಕಷ್ಟ.

ಈ ಮೂವರಿಗೂ ಕಟ್ಟುನಿಟ್ಟು ಬೇಕು. ಭಕ್ತರ ಯುಪಿಐ ಪಿನ್ ನೋಡಬಾರದು, ಕೇಳಬಾರದು. ಫೋನನ್ನು ಅವರ ಕಣ್ಣ ಮುಂದೆಯೇ ಮುಟ್ಟಬೇಕು. ಸೆಟ್ಟಿಂಗ್ ಬದಲಿಸುವುದಿದ್ದರೆ ತಾವು ಹೇಳಬೇಕು, ಫೋನಿನವರೇ ಒತ್ತಬೇಕು. ಇದರಿಂದ ನಿಧಾನವಾಗುತ್ತದೆ, ನಿಜ. ಆದರೆ ಒಮ್ಮೆ ಕೈಯಾರೆ ಒತ್ತಿದವರಿಗೆ ಮರೆಯುವುದಿಲ್ಲ.

ಹಂತ 3: ವಾಟ್ಸಾಪ್ ಗ್ರೂಪ್ ಸರಿಮಾಡಿ

ಒಂದೇ ಗ್ರೂಪಿನಲ್ಲಿ ಪೂಜೆಯ ಸಮಯ, ಶುಭೋದಯದ ಚಿತ್ರ, ಸಾವಿನ ಸುದ್ದಿ, ರಾಜಕೀಯ, ಮನೆ ಮದ್ದು ಎಲ್ಲವೂ ಬರುತ್ತದೆ. ಅದರ ನಡುವೆ ಕಳ್ಳರ ಫೈಲೂ ಬಂದು ಕೂರುತ್ತದೆ. ಎರಡು ಗ್ರೂಪ್ ಮಾಡಿ. ಒಂದು ಬರೀ ಪ್ರಕಟಣೆಗೆ. ಅದರಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವ ಸೆಟ್ಟಿಂಗ್ ಇರಲಿ. ಇನ್ನೊಂದು ಮಾತುಕತೆಗೆ. ದೊಡ್ಡ ಸಭೆಯಾದರೆ ವಾಟ್ಸಾಪ್ ಕಮ್ಯುನಿಟಿ ಮಾಡುವುದು ಇನ್ನೂ ಒಳ್ಳೆಯದು. ಅದರ ಪ್ರಕಟಣೆ ವಿಭಾಗದಲ್ಲಿ ಸದಸ್ಯರ ನಂಬರ್ ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಸಾಮಾನ್ಯ ಗ್ರೂಪಿನಲ್ಲಿ ಹಾಗಲ್ಲ. ಒಬ್ಬ ಕಳ್ಳ ಒಳಗೆ ಬಂದರೆ ಎಲ್ಲರ ನಂಬರೂ ಅವನ ಕೈಗೆ ಸಿಗುತ್ತದೆ.

ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆಯೇ ಸೇರಿಸುವ ಸೆಟ್ಟಿಂಗ್ ಹಾಕಿ. ಗ್ರೂಪಿನ ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕಬೇಡಿ. ನಂಬರ್ ಬದಲಿಸಿದವರ ಹಳೆಯ ನಂಬರ್ ತೆಗೆಯಿರಿ. ಪ್ರತಿ ಸದಸ್ಯರಿಗೂ ಎರಡು ಕೆಲಸ ಮಾಡಿಸಿ: ವಾಟ್ಸಾಪ್ ಸೆಟ್ಟಿಂಗಿನಲ್ಲಿ ಎರಡು ಹಂತದ ಪಿನ್ ಹಾಕುವುದು, ‘ಲಿಂಕ್ಡ್ ಡಿವೈಸಸ್’ ತೆರೆದು ಅಪರಿಚಿತ ಕಂಪ್ಯೂಟರ್ ಇದ್ದರೆ ತೆಗೆಯುವುದು.

ಇನ್ನು ಗಾಳಿಸುದ್ದಿ. ಇದನ್ನು ಹಣದ ಮೋಸಕ್ಕಿಂತ ದೊಡ್ಡ ಅಪಾಯ ಅಂತಲೇ ನಾನು ನಂಬಿದ್ದೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಾ? ಹೈದರಾಬಾದಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಜನ ಸೇರಿ ಹೊಡೆದರು. ಆ ಎಂಜಿನಿಯರ್ ಸತ್ತೇಹೋದ. ಫಾರ್ವರ್ಡ್ ಮಾಡಿದವರು ಮನೆಯಲ್ಲಿ ಮಕ್ಕಳಿದ್ದ ಸಾಮಾನ್ಯ ಜನರೇ.

ಹಾಗಾಗಿ ಗ್ರೂಪಿಗೆ ಒಂದು ನಿಯಮ ಬೇಕು. ಎರಡು ಬಾಣದ ಗುರುತಿನೊಂದಿಗೆ ಬಂದ ಸಂದೇಶ, ಅಂದರೆ ಹಲವು ಸಲ ಫಾರ್ವರ್ಡ್ ಆದದ್ದು, ಇಲ್ಲಿ ಹಾಕುವಂತಿಲ್ಲ. ಬೇರೆ ಧರ್ಮದವರ, ಬೇರೆ ಜಾತಿಯವರ ಮೇಲೆ ಸಿಟ್ಟು ಬರಿಸುವ ವಿಡಿಯೋ ಬಂದರೆ ಅಡ್ಮಿನ್ ಕೂಡಲೇ ಅಳಿಸಬೇಕು. ಚರ್ಚೆ ಆಮೇಲೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿದೆ. ಪಕ್ಕದ ಮಸೀದಿ, ಚರ್ಚ್, ದೇವಸ್ಥಾನದ ಹಿರಿಯರ ನಂಬರ್ ನಿಮ್ಮ ಅಡ್ಮಿನ್ ಹತ್ತಿರ ಇರಲಿ. ‘ಹೀಗೊಂದು ವಿಡಿಯೋ ಬಂದಿದೆ, ಏನು ಸಮಾಚಾರ?’ ಅಂತ ಒಂದು ಫೋನ್ ಮಾಡಿದರೆ ಅರ್ಧ ಸುಳ್ಳುಗಳು ಅಲ್ಲೇ ಸಾಯುತ್ತವೆ.

ಹಂತ 4: ಪ್ರಸಾದಕ್ಕೆ ಮುಂಚೆ ಹತ್ತು ನಿಮಿಷ

ಶಿಬಿರ ಮಾಡಿ, ಪರದೆ ಹಾಕಿ, ಎರಡು ಗಂಟೆ ಭಾಷಣ ಮಾಡಿಸಿದರೆ ಬರುವವರು ಆಗಲೇ ಗೊತ್ತಿರುವವರು. ಜನ ಹೇಗೂ ಸೇರುವ ಹೊತ್ತನ್ನು ಬಳಸಿ. ದೇವಸ್ಥಾನದಲ್ಲಿ ಮಂಗಳಾರತಿ ಆದಮೇಲೆ ಪ್ರಸಾದಕ್ಕೆ ಮುಂಚೆ. ಮಸೀದಿಯಲ್ಲಿ ಜುಮ್ಮಾ ನಮಾಜ್ ಮುಗಿದ ಮೇಲೆ. ಚರ್ಚಿನಲ್ಲಿ ಭಾನುವಾರದ ಪೂಜೆಯ ಕೊನೆಯ ಪ್ರಕಟಣೆಯ ಹೊತ್ತಿನಲ್ಲಿ. ಹತ್ತೇ ನಿಮಿಷ. ವಾರಕ್ಕೆ ಒಂದೇ ವಿಷಯ.

ಮೊದಲ ಮಾತನ್ನು ಅರ್ಚಕರೋ, ಮೌಲಾನಾ ಅವರೋ, ಫಾದರ್ ಅವರೋ ಆಡಲಿ. ಎರಡು ವಾಕ್ಯ ಸಾಕು. ಅವರು ಹೇಳಿದ್ದಕ್ಕೆ ಇರುವ ತೂಕ ನಮ್ಮ ಹತ್ತು ಸ್ಲೈಡಿಗೆ ಇರುವುದಿಲ್ಲ.

ಉದಾಹರಣೆಗಳು ಭಕ್ತಿಯ ಜಗತ್ತಿನಿಂದಲೇ ಬರಲಿ. 2024ರ ಜನವರಿ 22ರಂದು ಅಯೋಧ್ಯೆಯ ರಾಮಮಂದಿರ ಉದ್ಘಾಟನೆ ಆಯಿತಲ್ಲ, ಅದಕ್ಕೆ ಮುಂಚೆ ಏನಾಯಿತು? ವಿಐಪಿ ಪಾಸ್ ಸಿಗುತ್ತದೆ ಅಂತ ಎಪಿಕೆ ಫೈಲುಗಳು ವಾಟ್ಸಾಪಿನಲ್ಲಿ ಓಡಾಡಿದವು. ದೇಣಿಗೆಗೆ ಅಂತ ನಕಲಿ ಕ್ಯೂಆರ್ ಕೋಡ್‌ಗಳು ಬಂದವು. 2025ರ ಪ್ರಯಾಗ್‌ರಾಜ್ ಮಹಾಕುಂಭದ ಹೊತ್ತಿಗೆ ಟೆಂಟ್ ಬುಕಿಂಗಿನ ಸುಳ್ಳು ವೆಬ್‌ಸೈಟ್‌ಗಳು ಬಂದವು. ತಿರುಪತಿ ದರ್ಶನದ ಟಿಕೆಟಿಗೂ ನಕಲಿ ತಾಣಗಳಿವೆ. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಬೇಕಾದರೆ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲೇ ತೆಗೆದುಕೊಳ್ಳಬೇಕು. ಹಜ್‌ಗೆ ಹೋಗುವವರು ಭಾರತೀಯ ಹಜ್ ಸಮಿತಿ ಅಥವಾ ಸರ್ಕಾರ ಒಪ್ಪಿದ ಹಜ್ ಸಂಘಟಕರ ಮೂಲಕವೇ ಹೋಗಬೇಕು. ವಿಸಿಟ್ ವೀಸಾದಲ್ಲಿ ಹಜ್ ಮಾಡಿಸುತ್ತೇವೆ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ. ಸೌದಿ ಸರ್ಕಾರ ಅದಕ್ಕೆ ಅವಕಾಶ ಕೊಡುವುದಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಕಳೆದರೆ ಹಣದ ಜೊತೆ ಆ ಆಸೆಯೂ ಹೋಗುತ್ತದೆ.

ಈ ಎಲ್ಲದಕ್ಕೂ ಕಲಿಸಬೇಕಾದ ಅಭ್ಯಾಸ ಒಂದೇ. ಯಾತ್ರೆಯ ಲಿಂಕು ವಾಟ್ಸಾಪಿನಲ್ಲಿ ಬಂದರೆ ಒತ್ತಬಾರದು, ಗೂಗಲಿನಲ್ಲಿ ಮೊದಲು ಕಂಡ ಜಾಹೀರಾತನ್ನೂ ಒತ್ತಬಾರದು. ಆ ಮೂವರಲ್ಲಿ ಒಬ್ಬರಿಗೆ ತೋರಿಸಿ ಕೇಳಬೇಕು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ ಅನ್ನುವುದನ್ನಂತೂ ಎಲ್ಲರ ಬಾಯಲ್ಲೂ ಹೇಳಿಸಿ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಇನ್ನೊಂದು ವಾರ ‘ಡಿಜಿಟಲ್ ಅರೆಸ್ಟ್’. ಪೊಲೀಸ್ ಸಮವಸ್ತ್ರದವನು ವಿಡಿಯೋ ಕಾಲಿನಲ್ಲಿ ಬಂದು, ನಿಮ್ಮ ಆಧಾರ್ ಮೇಲೆ ಡ್ರಗ್ಸ್ ಪಾರ್ಸೆಲ್ ಬಂದಿದೆ, ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ ಅನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಇಂಥ ಅರೆಸ್ಟ್ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರೇ ಇದನ್ನು ಹೇಳಿದರು. ಇದನ್ನು ನಾಟಕ ಮಾಡಿ ತೋರಿಸಿ. ನಮ್ಮ ಮಂಡಳಿಯಲ್ಲಿ ಒಬ್ಬ ಹುಡುಗ ಪೊಲೀಸ್ ಆದ, ಒಬ್ಬರು ಅಜ್ಜಿ ಆದರು. ‘ಯಾರಿಗೂ ಹೇಳಬೇಡಿ’ ಅಂದ ಕೂಡಲೇ ಸಭೆಯವರೆಲ್ಲ ‘ಫೋನ್ ಇಡಿ!’ ಅಂತ ಕೂಗಬೇಕು. ಮೂರನೇ ಸಲಕ್ಕೆ ಮಕ್ಕಳಿಗಿಂತ ಜೋರಾಗಿ ಅಜ್ಜಿಯರೇ ಕೂಗುತ್ತಿದ್ದರು.

ಒಂದು ವಾರವನ್ನು ದೋಷ ಪರಿಹಾರದ ಜಾಹೀರಾತಿಗೇ ಕೊಡಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ತುಂಬಾ ಇವು ಇವೆ. ಮದುವೆ ಆಗುತ್ತಿಲ್ಲವೇ, ಮಗ ಮಾತು ಕೇಳುತ್ತಿಲ್ಲವೇ, ಯಾರೋ ಮಾಟ ಮಾಡಿಸಿದ್ದಾರೆ, ಇಪ್ಪತ್ನಾಲ್ಕು ಗಂಟೆಯಲ್ಲಿ ಪರಿಹಾರ. ಮೊದಲು ಐನೂರು ರೂಪಾಯಿ. ಆಮೇಲೆ ‘ಪೂಜೆ ಅರ್ಧಕ್ಕೆ ನಿಂತರೆ ಮನೆಯವರಿಗೆ ಅಪಾಯ’ ಅಂತ ಹೆದರಿಸಿ ಸಾವಿರ, ಲಕ್ಷ. ಫೋಟೋ ತರಿಸಿಕೊಂಡು ಬ್ಲ್ಯಾಕ್‌ಮೇಲ್ ಮಾಡುವುದೂ ಉಂಟು. ಸಂಕಟದಲ್ಲಿರುವವರೇ ಇದಕ್ಕೆ ಬೀಳುತ್ತಾರೆ, ಅದಕ್ಕೇ ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇಲ್ಲಿ ಪೊಲೀಸರ ಮಾತಿಗಿಂತ ಅರ್ಚಕರ ಮಾತು ಹೆಚ್ಚು ನಾಟುತ್ತದೆ. ‘ಭಯ ಹುಟ್ಟಿಸಿ ಹಣ ಕೇಳುವುದು ಪೂಜೆಯಲ್ಲ. ಕಷ್ಟ ಇದ್ದರೆ ಇಲ್ಲಿಗೆ ಬನ್ನಿ, ನನ್ನ ಹತ್ತಿರ ಮಾತಾಡಿ’ ಅಂತ ಅವರು ಬಾಯಿಬಿಟ್ಟು ಹೇಳಬೇಕು.

ಹಂತ 5: ಮಕ್ಕಳ ವಿಷಯದಲ್ಲಿ ರಾಜಿ ಬೇಡ

ಭಜನೆ ತರಗತಿ, ಮದರಸಾ, ಚರ್ಚಿನ ಭಾನುವಾರದ ತರಗತಿ, ಪಾಠಶಾಲೆ. ಎಲ್ಲೆಲ್ಲಿ ಮಕ್ಕಳು ಸೇರುತ್ತಾರೋ ಅಲ್ಲಿಗೆ ಈ ನಿಯಮಗಳು ಬೇಕು. ಕಲಿಸುವವರು ಮಗುವಿನ ಜೊತೆ ಒಬ್ಬೊಬ್ಬರೇ ಚಾಟ್ ಮಾಡುವಂತಿಲ್ಲ. ಸಂದೇಶ ತಂದೆ ತಾಯಿ ಇರುವ ಗ್ರೂಪಿಗೇ ಹೋಗಬೇಕು. ವೇಷ ಹಾಕಿದ ಮಗುವಿನ ಫೋಟೋ ಹಾಕುವ ಮುಂಚೆ ತಂದೆ ತಾಯಿಯನ್ನು ಕೇಳಬೇಕು. ಫೋಟೋದ ಕೆಳಗೆ ಮಗುವಿನ ಪೂರ್ತಿ ಹೆಸರು, ಶಾಲೆ, ಬಡಾವಣೆ ಬರೆಯಬಾರದು. ಯೂಟ್ಯೂಬ್ ನೇರಪ್ರಸಾರದ ಕ್ಯಾಮೆರಾ ಗರ್ಭಗುಡಿಯ ಕಡೆಗಿರಲಿ, ಮಕ್ಕಳು ಕುಳಿತ ಕಡೆಗಲ್ಲ.

ಮಕ್ಕಳಿಗೆ ಹೇಳಬೇಕಾದ ಮಾತು ಚಿಕ್ಕದು. ಆಟದ ಆ್ಯಪಿನಲ್ಲಿ ಸಿಕ್ಕ ಗೆಳೆಯ ಗುಟ್ಟಾಗಿ ಇಟ್ಟುಕೋ ಅಂದರೆ, ಫೋಟೋ ಕೇಳಿದರೆ, ಮನೆಯಲ್ಲಿ ಹೇಳು. ಹೇಳಿದರೆ ಬೈಯುವುದಿಲ್ಲ. ಈ ಕೊನೆಯ ಮಾತನ್ನು ತಂದೆ ತಾಯಿಗೂ ಬೇರೆಯಾಗಿ ಕೂರಿಸಿ ಹೇಳಿ. ಫೋನ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಮಗುವಿನ ಖಾಸಗಿ ಚಿತ್ರ ಯಾರ ಕೈಗಾದರೂ ಸಿಕ್ಕಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರ ಒಂದು ಗುರುತು ತಯಾರಾಗುತ್ತದೆ. ಆ ಗುರುತಿನಿಂದಲೇ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ತಾಣಗಳು ಚಿತ್ರವನ್ನು ತಡೆಯುತ್ತವೆ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮಗುವಿಗೆ ಲೈಂಗಿಕ ಕಿರುಕುಳ ಆಗಿದೆ ಅಂತ ಗೊತ್ತಾದರೆ, ಆನ್‌ಲೈನ್ ಇರಲಿ, ಎದುರಿಗೇ ಇರಲಿ, ಅದನ್ನು ಸಮಿತಿಯಲ್ಲಿ ಕೂತು ಬಗೆಹರಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ‘ಮಠದ ಮರ್ಯಾದೆ’, ‘ಚರ್ಚಿನ ಮರ್ಯಾದೆ’, ‘ಜಮಾತಿನ ಮರ್ಯಾದೆ’ ಅನ್ನುವ ಮಾತು ಅಲ್ಲಿ ಬರಬಾರದು. ಮಕ್ಕಳ ಸಹಾಯವಾಣಿ 1098. ಇದೂ ಬೋರ್ಡಿನಲ್ಲಿರಲಿ.

ಹಂತ 6: ಭಕ್ತರ ಪಟ್ಟಿ ಜೋಪಾನ

ಸೇವೆಯ ರಿಜಿಸ್ಟರ್ ತೆರೆದು ನೋಡಿ. ಹೆಸರು, ಗೋತ್ರ, ನಕ್ಷತ್ರ, ಹುಟ್ಟಿದ ದಿನ, ವಿಳಾಸ, ಫೋನ್, ಮಗ ಅಮೆರಿಕದಲ್ಲಿದ್ದಾನೆ ಅನ್ನುವುದೂ ಸಹ. ಒಬ್ಬ ಮೋಸಗಾರನಿಗೆ ಇದಕ್ಕಿಂತ ಏನು ಬೇಕು? ‘ನಿಮ್ಮ ಮಗನ ಜೊತೆ ಕೆಲಸ ಮಾಡುವವನು’ ಅಂತ ಶುರು ಮಾಡಲು ಇಷ್ಟೇ ಸಾಕು.

ಬೇಕಾದಷ್ಟೇ ಬರೆದುಕೊಳ್ಳಿ. ಸಂಕಲ್ಪಕ್ಕೆ ಹೆಸರು, ಗೋತ್ರ, ನಕ್ಷತ್ರ ಸಾಕಲ್ವಾ? ರೂಮಿಗೆ ಗುರುತಿನ ಚೀಟಿ ಬೇಕಾದರೆ ಮಾಸ್ಕ್ ಮಾಡಿದ ಆಧಾರ್ ತನ್ನಿ ಅನ್ನಿ. ಅದರಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ. ಜಾತ್ರೆಯ ಆಹ್ವಾನ ಪತ್ರಿಕೆಯಲ್ಲಿ ದಾನಿಗಳ ಹೆಸರು ಇರಲಿ, ಫೋನ್ ನಂಬರ್ ಬೇಡ. ಪಟ್ಟಿ ಕಂಪ್ಯೂಟರಿನಲ್ಲಿದ್ದರೆ ಪಾಸ್‌ವರ್ಡ್ ಇರಲಿ. ವ್ಯಕ್ತಿಗಳ ಮಾಹಿತಿಯನ್ನು ಕಾಪಾಡಲು ದೇಶದಲ್ಲಿ 2023ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಅದನ್ನು ಬದಿಗಿಟ್ಟರೂ, ದೇವರ ಮುಂದೆ ಹೇಳಿಕೊಂಡ ವಿವರ ಬೀದಿಗೆ ಬರಬಾರದು.

ಹಂತ 7: ಮೋಸ ಆಗಿಬಿಟ್ಟರೆ

ಈ ಭಾಗವನ್ನು ಪ್ರಿಂಟ್ ತೆಗೆದು ಆ ಮೂವರ ಜೇಬಿನಲ್ಲಿಡಿ. ಇಲ್ಲಿ ನಿಮಿಷಗಳ ಲೆಕ್ಕ.

1. ಅನುಮಾನದ ಎಪಿಕೆ ಒತ್ತಿದ್ದರೆ ಫೋನನ್ನು ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ. ಮುಂದಿನ ಕರೆಗಳನ್ನು ಬೇರೆ ಫೋನಿನಿಂದ ಮಾಡಿ.

2. 1930ಕ್ಕೆ ಕರೆ ಮಾಡಿ. ಹಣದ ಸೈಬರ್ ಮೋಸಕ್ಕೆ ದೇಶಕ್ಕೆಲ್ಲ ಇರುವ ಸಹಾಯವಾಣಿ ಇದು. ಬ್ಯಾಂಕಿನ ಹೆಸರು, ಖಾತೆ ನಂಬರ್, ಎಷ್ಟು ಹಣ, ಯಾವಾಗ, ವ್ಯವಹಾರದ ಯುಟಿಆರ್ ಸಂಖ್ಯೆ (ಪ್ರತಿ ಹಣ ವರ್ಗಾವಣೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಬೇಗ ಹೇಳಿದರೆ ನಡುವೆ ಎಲ್ಲೋ ತಡೆಹಿಡಿಯುವ ಅವಕಾಶ ಇದೆ.

3. ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಬ್ಯಾಂಕಿನ ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ ನೋಡಿ.

4. ಸಂದೇಶ, ನಂಬರ್, ಹಣ ಹೋದ ವಿವರ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾಚಿಕೆಯಿಂದ ಚಾಟ್ ಅಳಿಸಬೇಡಿ. ಅದೇ ಸಾಕ್ಷಿ.

5. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ (cybercrime.gov.in) ತಾಣದಲ್ಲಿ ಪೂರ್ತಿ ದೂರು ದಾಖಲಿಸಿ. ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ) ಹೋಗಿ. ಮೂವರಲ್ಲಿ ಒಬ್ಬರು ಜೊತೆಗೆ ಹೋಗಲಿ.

ಹಣ ಹೋಗದೆ ಬರೀ ಮೋಸದ ಕರೆ ಬಂದಿದ್ದರೆ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ಆ ನಂಬರನ್ನು ವರದಿ ಮಾಡಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಅದೇ ತಾಣದಲ್ಲಿ ಗೊತ್ತಾಗುತ್ತದೆ.

ಆಮೇಲೆ ಕೆಲವು ದಿನಕ್ಕೆ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಫೀಸ್ ಕಟ್ಟಿ’ ಅಂತ ಕರೆ ಬರಬಹುದು. ಅದು ಎರಡನೇ ಮೋಸ. ಇದನ್ನು ಮೊದಲೇ ಹೇಳಿಡಿ.

ಮೋಸ ಹೋದವರ ಹೆಸರು ಗ್ರೂಪಿನಲ್ಲಿ ಬರಬಾರದು. ‘ಇಂಥದ್ದೊಂದು ಫೈಲ್ ಬಂದಿದೆ, ಒತ್ತಬೇಡಿ’ ಅಂದರೆ ಸಾಕು. ‘ಓದಿದವರು ನೀವೇ ಹೀಗೆ ಮಾಡಿದರೆ’ ಅನ್ನುವ ಒಂದು ಮಾತು ಬಂದರೂ ಮುಂದಿನ ಹತ್ತು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಮೇಷ್ಟ್ರ ಮನೆಗೆ ನಾವು ಮೂವರು ಹೋಗಿ ಕೂತೆವು. ಕಾಫಿ ಕುಡಿದೆವು. ಹಣದ ಮಾತು ನಾವಾಗಿ ಎತ್ತಲಿಲ್ಲ. ಕಡೆಗೆ ಅವರೇ ಎದ್ದು ಹೋಗಿ ಪಾಸ್‌ಬುಕ್ ತಂದು ಮುಂದಿಟ್ಟರು. ಮೂರು ವಾರ ಕಳೆದಿತ್ತು, ಹಣ ಸಿಗಲಿಲ್ಲ. ಆರು ತಿಂಗಳ ಮೇಲೆ ಒಂದು ಸೋಮವಾರ, ಪ್ರಸಾದಕ್ಕೆ ಮುಂಚಿನ ಹತ್ತು ನಿಮಿಷವನ್ನು ಅವರೇ ಕೇಳಿ ತೆಗೆದುಕೊಂಡರು. ನಡೆದದ್ದನ್ನೆಲ್ಲ ಹೇಳಿದರು. ಅವತ್ತು ರಾತ್ರಿಯೇ ಇಬ್ಬರು ನನಗೆ ಫೋನ್ ಮಾಡಿದರು, ತಮಗೂ ಹೀಗೇ ಆಗಿದೆ ಅಂತ. ಒಬ್ಬರಿಗೆ ಆಗಿದ್ದು ಅದೇ ದಿನ ಮಧ್ಯಾಹ್ನ. ಫೋನ್ ಇಡುವ ಮುಂಚೆಯೇ ಇನ್ನೊಂದು ಫೋನಿನಿಂದ 1930ಕ್ಕೆ ಹಚ್ಚಿಸಿದೆ.

ಹಂತ 8: ಹಬ್ಬದ ಪಟ್ಟಿಯಲ್ಲಿ ಇದನ್ನೂ ಸೇರಿಸಿ

ಮೋಸಗಾರರು ಪಂಚಾಂಗ ನೋಡಿಯೇ ಬರುತ್ತಾರೆ. ಶ್ರಾವಣ, ನವರಾತ್ರಿ, ಶಿವರಾತ್ರಿ, ರಂಜಾನ್, ಕ್ರಿಸ್‌ಮಸ್, ಊರ ಜಾತ್ರೆ. ಪ್ರತಿಯೊಂದಕ್ಕೂ ಹದಿನೈದು ದಿನ ಮುಂಚೆ ಚಪ್ಪರ, ಮೈಕು, ಅಡುಗೆಯ ಲೆಕ್ಕದ ಜೊತೆ ಈ ಕೆಲಸವೂ ಪಟ್ಟಿಯಲ್ಲಿರಲಿ: ಕೋಡ್‌ಗಳ ಪರಿಶೀಲನೆ, ಪುಟಗಳ ಪಾಸ್‌ವರ್ಡ್ ಬದಲಾವಣೆ, ಗ್ರೂಪಿಗೆ ಒಂದು ಎಚ್ಚರಿಕೆಯ ಧ್ವನಿ ಸಂದೇಶ. ಧ್ವನಿ ಸಂದೇಶ ಯಾಕೆಂದರೆ ಕನ್ನಡಕ ಹುಡುಕುವ ಹಿರಿಯರಿಗೆ ಓದುವುದಕ್ಕಿಂತ ಕೇಳುವುದು ಸುಲಭ.

ಜಾತ್ರೆ ಮುಗಿದ ಮರುದಿನ ಹೆಚ್ಚುವರಿ ಕೌಂಟರಿನ ಕೋಡ್‌ಗಳನ್ನು ಕಿತ್ತು ಹರಿದು ಹಾಕಿ. ಸ್ವಯಂಸೇವಕರ ಫೋನಿನಲ್ಲಿ ಉಳಿದ ಭಕ್ತರ ನಂಬರಿನ ಪಟ್ಟಿ ಅಳಿಸಿ. ತಾತ್ಕಾಲಿಕ ಗ್ರೂಪ್ ಮುಚ್ಚಿ. ಪಾತ್ರೆ ತೊಳೆದು ಉಗ್ರಾಣಕ್ಕೆ ಎಣಿಸಿ ಇಡುವ ದಿನವೇ ಇದನ್ನೂ ಮುಗಿಸಿಬಿಡಿ.